ಟ್ರೇಲರ್ ಅಳಿಯ

ಕರುಮತ್ತಂಪಟ್ಟಿಯ ಹೆದ್ದಾರಿ ಪಕ್ಕದಲ್ಲಿ ಟೀ ಕುಡಿಯುತ್ತಿದ್ದೀರಿ, ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೇಲರ್ ಬಂತೆನ್ನಿ. ಎಲ್ಲರೂ ರೆಕ್ಕೆ ನೋಡುತ್ತಾರೆ. ಒಬ್ಬ ಮಾತ್ರ ಬಗ್ಗಿ ಆಕ್ಸಲ್ ಎಣಿಸುತ್ತಾನೆ. ‘ಪುಲ್ಲರ್ ಹಳೇದು’ ಎಂದು ಅದನ್ನೆಳೆಯುವ ಮುಂದಿನ ಗಾಡಿಗೆ ಮೂಗು ಮುರಿಯುತ್ತಾನೆ. ಭಾರೀ ಸಾಗಣೆಯ ಕಸುಬಿಗೆ ಹೊಸದಾಗಿ ಇಳಿದವನ ಗುರುತು ಇದು. ಸಂಕಗಿರಿ, ನಾಮಕ್ಕಲ್ ಕಡೆ ಇಂಥವರಿಗೆ ಬರವಿಲ್ಲ. ನನ್ನ ಪಾಲಿಗೆ ಬಂದವನು ನನ್ನಕ್ಕನ ಮಗ.

ನಮ್ಮದು ಮಗ್ಗದ ಮನೆತನ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಸೋಮನೂರಿನ ಪವರ್‌ಲೂಮ್ ಕೂಲಿಯನ್ನು ನಂಬಿ ಕೂರಲಾಗದೆ ಹುಡುಗ ಕ್ಲೀನರ್ ಆದ. ಲಾರಿ ಓಡಿಸಲು 20 ವರ್ಷ ತುಂಬಿರಬೇಕು, ಅದರ ಎಲ್‌ಎಲ್‌ಆರ್ ಸಿಗಲು ಕಾರಿನ ಲೈಸೆನ್ಸ್ ಪಡೆದು ಒಂದು ವರ್ಷವಾಗಿರಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಕಾಯ್ದೆಗೆ ಅಷ್ಟು ಸಾಕು, ಮಾಲೀಕನಿಗೆ ಸಾಲದು. ‘ಅನುಭವ ಇದೆಯಾ?’ ಅನ್ನುತ್ತಾನೆ. ಓಡಿಸದೆ ಅನುಭವ ಬರದು, ಅನುಭವ ಬಾರದೆ ಓಡಿಸಲು ಕೊಡರು. ಹಾಗಾಗಿ ಇವನು ಸದ್ಯಕ್ಕೆ ಗಾಡಿಯ ಮುಂದೆ ನಡೆಯುವವನು: ಒಣ ಬಿದಿರಿನಿಂದ ಕರೆಂಟಿನ ತಂತಿ ಎತ್ತುವುದು, ಕೆಂಪು ಬಾವುಟ ಬೀಸುವುದು, ‘ವಾ, ವಾ, ಒಡಿ, ಒಡಿ’ ಎಂದು ಕೂಗುವುದು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಸುಬು ಮನೆಯೊಳಕ್ಕೂ ಬಂತು.

ಆಡಿ ತಿಂಗಳ ರಿಯಾಯಿತಿಯಲ್ಲಿ ಒಂದು ಬೀರು ಕೊಂಡೆವು. ನಾಲ್ಕು ಜನ ಹೊತ್ತು ಮಹಡಿಗೆ ಏರಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಅಳಿಯ ಟೇಪು ಹಿಡಿದು ಪ್ರತ್ಯಕ್ಷನಾದ. ‘ಸುಮ್ನೆ ಎತ್ತಂಗಿಲ್ಲ ಮಾವ. ಮೊದಲು ರೂಟ್ ಸರ್ವೆ.’ ಗೇಟು ಅಳೆದ, ಮೆಟ್ಟಿಲು ಅಳೆದ, ಮೆಟ್ಟಿಲ ತಿರುವಿನಲ್ಲಿ ಕೂತು ಸುಣ್ಣದಲ್ಲಿ ಗೆರೆ ಎಳೆದ. ತುಳಸಿಕಟ್ಟೆಯ ಪಕ್ಕದ ಹೂಕುಂಡಗಳು ಎದ್ದವು, ಫ್ಯಾನು ಇಳಿಯಿತು, ನನ್ನವಳು ಒಣಹಾಕಿದ್ದ ಹಪ್ಪಳ ಗುಳೆ ಹೋಯಿತು. ಬೀರುವಿನ ಬಾಲಕ್ಕೆ ಅವಳದೇ ಕೆಂಪು ರವಿಕೆಯ ಬಟ್ಟೆ ಬಾವುಟವಾಯಿತು. ಹೊರುವವರು ಕಾದ ಹೊತ್ತಿಗೂ ಕೂಲಿ ಕೇಳಿದರು, ಕೊಟ್ಟವನು ನಾನು. ತಿರುವಿನಲ್ಲಿ ಇವನು ‘ಹೋಲ್ಡ್!’ ಎಂದ. ಎಲ್ಲರೂ ನಿಂತಲ್ಲೇ ಕಂಬ. ಒಬ್ಬನಿಗೆ ಸೀನು ಬಂದು ಮುಖ ಕೆಂಪಾಯಿತು. ಅದಕ್ಕೂ ಅನುಮತಿ ಸಿಗಲಿಲ್ಲ. ಕೊನೆಗೆ ಎರಡು ಬೆರಳಿನಷ್ಟು ಜಾಗ ಉಳಿಸಿಕೊಂಡು ಬೀರು ದಾಟಿತು. ಒಂದು ಗೀರೂ ಇಲ್ಲ. ಬೈಯಲು ನೆಪವೂ ಸಿಗದೆ ಹೋದದ್ದಕ್ಕೇ ನನಗೆ ಹೆಚ್ಚು ಸಿಟ್ಟು.

ಇವನಿಗೆ ಪುರಾಣ ಒಂದೇ. ವಂದವಾಸಿ ಬಳಿಯ ಕೊರಕೋಟೆಯಿಂದ ಬೆಂಗಳೂರಿನ ಈಜಿಪುರಕ್ಕೆ ಹೊರಟ ವಿಷ್ಣುವಿನ ಶಿಲೆ: ಮುನ್ನೂರು ಟನ್ನಿಗೂ ಹೆಚ್ಚು ಭಾರ, 240 ಚಕ್ರ, 2018ರ ಡಿಸೆಂಬರ್‌ನಲ್ಲಿ ಹೊರಟು ತಲುಪಿದ್ದು 2019ರ ಜೂನ್‌ನಲ್ಲಿ. ಊರವರು ವಿಷ್ಣುವಿಗೆ ಕೈಮುಗಿದರೆ ಇವನು ಟೈರಿಗೆ ಮುಗಿಯುತ್ತಾನೆ. ವೇಗದ ಕಾರು ಕಂಡರೆ ಅಸಡ್ಡೆ. ಎಲ್ಲಿ ಕೂತರೂ ನಿದ್ದೆ. ಮದುವೆ ಮನೆಯ ಪಂಕ್ತಿಯಲ್ಲೂ. ಅವನ ಮದುವೆಯ ಮಾತೆತ್ತಿದರೆ ಅಕ್ಕ ಮಾತ್ರ ಮೌನಿ: ಲಾರಿಯವನಿಗೆ ಹೆಣ್ಣು ಕೊಡಲು ಜನ ಹಿಂದುಮುಂದು ನೋಡುತ್ತಾರೆ. ಗಾಳಿಯಂತ್ರದ ಕರೆಂಟು ಎಲ್ಲರಿಗೂ ಬೇಕು, ಅದರ ರೆಕ್ಕೆ ತಂದವನು ಅಳಿಯನಾಗಿ ಬೇಡ.

ನಮ್ಮ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿದ ದಿನವೂ ಲಾರಿಯ ಮುಂದೆ ಓಣಿಯುದ್ದಕ್ಕೂ ಇವನೇ ನಡೆದ. ಹಳೇ ಕಬ್ಬಿಣಕ್ಕೆ ಇಷ್ಟೆಲ್ಲ ಯಾಕೋ ಎಂದೆ. ‘ಅಜ್ಜಂದು ಮಾವ, ತಗಲಬಾರದು’ ಎಂದ. ತೂಕಕ್ಕೆ ಮಾರಿದ್ದ ನನಗೆ ಅದು ಹೊಳೆದಿರಲಿಲ್ಲ. ತಗಲದಂತೆ ದಾಟಿಸುವುದೂ ಒಂದು ವಿದ್ಯೆಯೇ. ಅದು ಕಾಲ್ನಡಿಗೆಯಿಂದಲೇ ಶುರುವಾಗುತ್ತದೆ ಎಂದೆಲ್ಲ ಉಪದೇಶ ಮಾಡಬೇಕೆನಿಸುತ್ತದೆ.

ಆದರೂ ಮಾಲೀಕರಲ್ಲಿ ನನ್ನದೊಂದು ಅರಿಕೆ: ಹುಡುಗನ ಕೈಗೆ ಬೇಗ ಸ್ಟೀರಿಂಗ್ ಕೊಡಿ. ದೀಪಾವಳಿಗೆ ನಮ್ಮ ಮನೆಗೆ ವಾಷಿಂಗ್ ಮೆಷಿನ್ ಬರುವುದಿದೆ.