ದಾನದ ಡ್ರಮ್ಮು, ಪಕ್ಕದ ಕುರಿ

ಪೊಲೀಸರನ್ನು ಬೈಯಬಹುದು, ತಹಶೀಲ್ದಾರರನ್ನು ಬೈಯಬಹುದು, ಕರೆಂಟಿನವರನ್ನು ಬೈಯದಿದ್ದರೆ ತಿಂದದ್ದು ಅರಗುವುದಿಲ್ಲ. ಆದರೆ ಮನೆಗೆ ಬೆಂಕಿ ಬಿದ್ದಾಗ ಜೀವದ ಹಂಗು ತೊರೆದು ಓಡಿ ಬರುವ ಅಗ್ನಿಶಾಮಕ ದಳದವರನ್ನು ಯಾವ ಬಾಯಲ್ಲಿ ಬೈಯುವುದು? ಲೋಕದ ಈ ಸಂಕೋಚ ಒಂದು ಸಂಸ್ಥೆಗೆ ಎಷ್ಟು ಗಟ್ಟಿ ಕಾಂಪೌಂಡ್ ಆಗಬಲ್ಲದು ಎಂಬುದನ್ನು ಆಸ್ಟ್ರೇಲಿಯಾದ ಫಿಸ್ಕ್‌ವಿಲ್‌ನಲ್ಲಿ ನೋಡಬೇಕು.

ಮೆಲ್ಬರ್ನ್‌ನಿಂದ ಸುಮಾರು 80 ಕಿ.ಮೀ. ದೂರದಲ್ಲಿ, ಬಲ್ಲನ್ ಎಂಬ ಪುಟ್ಟ ಊರಿನ ಹತ್ತಿರ, ಕುರಿ ಮೇಯುವ ಬಯಲಿನ ನಡುವೆ ಇರುವ ಜಾಗ. 1920ರ ದಶಕದಲ್ಲಿ ಅಲ್ಲಿ ಇಂಗ್ಲೆಂಡಿಗೆ ರೇಡಿಯೊ ಸಂದೇಶ ಕಳಿಸುವ ಕೇಂದ್ರವಿತ್ತು. ಸಪ್ತಸಮುದ್ರದಾಚೆಗೆ ಕ್ಷಣದಲ್ಲಿ ಸುದ್ದಿ ಮುಟ್ಟಿಸುತ್ತಿದ್ದ ಆ ನೆಲದಿಂದ ಬೇಲಿಯಾಚೆಯ ಮನೆಗೆ ಒಂದು ಸುದ್ದಿ ಮುಟ್ಟಲು ಮುಂದೆ ನಲವತ್ತು ವರ್ಷ ಹಿಡಿಯಿತು.

1970ರ ದಶಕದ ಆರಂಭದಲ್ಲಿ ವಿಕ್ಟೋರಿಯಾ ರಾಜ್ಯದ ಕಂಟ್ರಿ ಫೈರ್ ಅಥಾರಿಟಿ, ಅಂದರೆ ಸಿಎಫ್‌ಎ, ಅಲ್ಲಿ ತರಬೇತಿ ಕಾಲೇಜು ತೆರೆಯಿತು. ಬೆಂಕಿ ಆರಿಸುವುದನ್ನು ಕಲಿಸಬೇಕಾದರೆ ಮೊದಲು ಬೆಂಕಿ ಹಚ್ಚಬೇಕು, ಹಚ್ಚಲು ಉರಿಯುವ ಪದಾರ್ಥ ಬೇಕು, ಪದಾರ್ಥಕ್ಕೆ ದುಡ್ಡು ಬೇಕು. ಈ ಚಿಂತೆಯನ್ನು ಕಾರ್ಖಾನೆಗಳು ನೀಗಿಸಿದವು. ತಮಗೆ ಬೇಡವಾದ ಸಾಲ್ವೆಂಟು, ಬಣ್ಣ, ಇನ್ನೇನೇನೋ ದ್ರವಗಳನ್ನು ಡ್ರಮ್ಮುಗಟ್ಟಲೆ ಪುಕ್ಕಟೆ ಕಳಿಸಿಕೊಟ್ಟವು. ಒಳಗೇನಿದೆ ಎಂದು ಎಲ್ಲ ಡ್ರಮ್ಮಿನ ಮೇಲೂ ಬರೆದಿರಲಿಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸುವುದು ಸಭ್ಯತೆಯೂ ಅಲ್ಲ. ವಿಷದ ತ್ಯಾಜ್ಯ ವಿಲೇವಾರಿಗೆ ಖರ್ಚು ಮಾಡಬೇಕಾದ ಹಣವೂ ಉಳಿಯಿತು, ದಾನಿ ಎಂಬ ಹೆಸರೂ ಬಂತು. ಕಾರ್ಖಾನೆಗಳ ಪಾಲಿಗೆ ಇಂಥ ಪುಣ್ಯಕ್ಷೇತ್ರ ಇನ್ನೊಂದಿಲ್ಲ. ಮಹಾಭಾರತದ ಅಗ್ನಿಗೆ ಬರೀ ತುಪ್ಪ ಕುಡಿದೇ ಅಜೀರ್ಣವಾಗಿ ಖಾಂಡವವನವನ್ನೇ ತಿನ್ನಬೇಕಾಯಿತು. ಫಿಸ್ಕ್‌ವಿಲ್‌ನ ಅಗ್ನಿ ಕಾರ್ಖಾನೆಯ ಎಂಜಲನ್ನು ಉಂಡು, ಹೊಗೆಯನ್ನು ಊರಿಗೇ ತೇಗಿತು. ಉಳಿದ ಡ್ರಮ್ಮುಗಳಲ್ಲಿ ಕೆಲವನ್ನು ಅಲ್ಲೇ ನೆಲದಲ್ಲಿ ಹೂತರು. ಆಮೇಲೆ ಅಗೆದು ತೆಗೆದರು ಕೂಡ, ಅದನ್ನೂ ಹೇಳಬೇಕು.

ಇಷ್ಟು ಬೆಂಕಿಗೆ ನೀರೂ ಬೇಕಲ್ಲ. ನೀರಿನ ಮಿತವ್ಯಯದಲ್ಲಿ ಈ ಕಾಲೇಜು ಕಾಲಕ್ಕಿಂತ ಮುಂದಿತ್ತು: ಬೆಂಕಿಯ ಮೇಲೆ ಸುರಿದ ನೀರು, ನೊರೆ, ಎಣ್ಣೆ ಎಲ್ಲ ಹರಿದು ಹೊಂಡಕ್ಕೆ, ಹೊಂಡದಿಂದ ಮತ್ತೆ ಪಂಪಿಗೆ, ಪಂಪಿನಿಂದ ಪೈಪಿಗೆ, ಪೈಪಿನಿಂದ ತರಬೇತಿಗೆ ಬಂದವರ ಮೈ ಮೇಲೆ, ಕಣ್ಣಿಗೆ, ಬಾಯಿಗೆ. ತರಬೇತಿಗೆ ಬಂದವರಲ್ಲಿ ಹೆಚ್ಚಿನವರು ಸಂಬಳ ಪಡೆಯುವವರಲ್ಲ. ಸಿಎಫ್‌ಎ ನಿಂತಿರುವುದೇ ಸ್ವಯಂಸೇವಕರ ಮೇಲೆ: ರೈತರು, ಅಂಗಡಿಯವರು, ಮೇಷ್ಟ್ರುಗಳು. ಅಂದರೆ ಊರನ್ನು ಕಾಯಲು ಪುಕ್ಕಟೆ ಬಂದವರಿಗೆ ಪುಕ್ಕಟೆ ಬಂದ ವಿಷದಲ್ಲೇ ಪಾಠ. ಲೆಕ್ಕ ತಪಾಸಣೆಯವರು ಬಂದಿದ್ದರೂ ಒಂದು ಪೈಸೆ ದುಂದು ಸಿಗುತ್ತಿರಲಿಲ್ಲ.

ಹೊಂಡದಲ್ಲಿ ಮಿಕ್ಕಿದ್ದು ಕೆರೆಗೆ, ಕೆರೆ ತುಂಬಿದರೆ ತೊರೆಗೆ. ತೊರೆಗೆ ಬೇಲಿಯ ಪರಿಜ್ಞಾನವಿರಲಿಲ್ಲ. ಪಕ್ಕದ ಜಮೀನಿನಲ್ಲಿ ಒಂದು ಕುಟುಂಬ ಕುರಿ ಸಾಕಿತ್ತು. ಕುರಿಗಳು ಆ ನೀರು ಕುಡಿದವು, ಮನೆಯವರು ಆ ಕುರಿಯ ಮಾಂಸ ಉಂಡರು. ಕೊನೆಗೊಂದು ದಿನ ಪರೀಕ್ಷೆ ಮಾಡಿಸಿದಾಗ ಅಗ್ನಿಶಾಮಕ ನೊರೆಯಲ್ಲಿ ಬಳಸುವ ಪಿಎಫ್‌ಒಎಸ್ ಎಂಬ ರಾಸಾಯನಿಕ ಕೆರೆಯಲ್ಲಿತ್ತು, ಮೀನಿನಲ್ಲಿತ್ತು, ಕುರಿಯಲ್ಲಿತ್ತು, ಆ ಮನೆಯವರ ರಕ್ತದಲ್ಲೂ ಇತ್ತು. ಈ ಪಿಎಫ್‌ಒಎಸ್ ಬಹಳ ನಿಷ್ಠಾವಂತ ವಸ್ತು. ಪರಿಸರದಲ್ಲಿ ಒಡೆಯದು, ಕೊಳೆಯದು. ಮನುಷ್ಯನ ದೇಹ ಸೇರಿದರೆ ಅದರಲ್ಲಿ ಅರ್ಧ ಹೊರಹೋಗಲು ಸುಮಾರು 5 ವರ್ಷ ಬೇಕು. ಅದನ್ನು ತಯಾರಿಸುತ್ತಿದ್ದ ಅಮೆರಿಕದ ತ್ರೀಎಂ ಕಂಪನಿ, ಇನ್ನು ಸಾಕು ಎಂದು 2000ದಲ್ಲೇ ಘೋಷಿಸಿತು. ಸಿಎಫ್‌ಎ ಆ ಬಗೆಯ ನೊರೆಯನ್ನು ನಿಲ್ಲಿಸಿದ್ದು 2007ರಲ್ಲಿ. ಸ್ಟಾಕ್ ಇದ್ದದ್ದನ್ನು ಖಾಲಿ ಮಾಡಬೇಡವೇ?

ಕುರಿಯನ್ನು ಮಾರುವಂತಿರಲಿಲ್ಲ, ತಿನ್ನುವಂತಿರಲಿಲ್ಲ. ಸಾಕುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಒಬ್ಬ ರೈತನಿಗೆ ಇದಕ್ಕಿಂತ ನಿಷ್ಕಾಮ ಕರ್ಮ ಯಾವ ಭಗವದ್ಗೀತೆಯಲ್ಲೂ ಸಿಗದು.

2011ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನ ಹೆರಾಲ್ಡ್ ಸನ್ ಪತ್ರಿಕೆಯ ಮೂಲಕ ಬಾಯಿಬಿಟ್ಟವರು ಬ್ರಯನ್ ಪಾಟರ್. ಅವರು ಬೇಲಿಯಾಚೆಯವರಲ್ಲ, ಅದೇ ಸಿಎಫ್‌ಎಯ ಮುಖ್ಯ ಅಧಿಕಾರಿಯಾಗಿದ್ದವರು. ಆ ಹೊತ್ತಿಗೆ ಸ್ವತಃ ಕ್ಯಾನ್ಸರ್ ರೋಗಿ. 2014ರಲ್ಲಿ ತೀರಿಕೊಂಡರು. ಪತ್ರಿಕೆಯಲ್ಲಿ ಸುದ್ದಿ ಬಂದದ್ದೇ ತಡ, ಸಿಎಫ್‌ಎ ಒಂದು ಸ್ವತಂತ್ರ ತನಿಖೆ ಮಾಡಿಸಿತು. ಪ್ರೊಫೆಸರ್ ರಾಬರ್ಟ್ ಜಾಯ್ 2012ರಲ್ಲಿ ವರದಿ ಕೊಟ್ಟರು. ಆದರೆ ತನಿಖೆಯ ವ್ಯಾಪ್ತಿ 1971ರಿಂದ 1999ರ ತನಕ ಮಾತ್ರ. 1999ರ ಡಿಸೆಂಬರ್ 31ರ ಮಧ್ಯರಾತ್ರಿ ಫಿಸ್ಕ್‌ವಿಲ್‌ನ ವಿಷ ಸ್ವಯಂನಿವೃತ್ತಿ ಪಡೆದು ಪೆನ್ಷನ್ ತೆಗೆದುಕೊಂಡು ಹೋಯಿತೆಂದು ತನಿಖೆಗೆ ಗೆರೆ ಎಳೆದವರು ನಂಬಿದ್ದಿರಬೇಕು. ಮೊನಾಶ್ ವಿಶ್ವವಿದ್ಯಾಲಯದವರು ಆಮೇಲೆ ಅಧ್ಯಯನ ನಡೆಸಿ, ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡವರ ಗುಂಪಿನಲ್ಲಿ ಕ್ಯಾನ್ಸರ್ ಪ್ರಮಾಣ ನಿರೀಕ್ಷೆಗಿಂತ ಹೆಚ್ಚಿದೆ ಎಂದರು.

ಕಾಲೇಜನ್ನು ಮುಚ್ಚಿದ್ದು 2015ರ ಮಾರ್ಚ್‌ನಲ್ಲಿ, ನೀರಿನಲ್ಲಿ ಮತ್ತೆ ಪಿಎಫ್‌ಒಎಸ್ ಸಿಕ್ಕ ಮೇಲೆ. ರಾಜ್ಯದ ಸಂಸದೀಯ ಸಮಿತಿ ವಿಚಾರಣೆಗೆ ಕೂತಿತು, ಕಡತ ಕೇಳಿತು. ಸಿಎಫ್‌ಎಗೆ ಬೆಂಕಿಯ ಕರೆ ಬಂದರೆ ಗಾಡಿ ಹೊರಡಲು ನಿಮಿಷಗಳ ಲೆಕ್ಕ. ಕಡತದ ಕರೆ ಬಂದಾಗ ಹೊರಟ ಗಾಡಿ ಎಲ್ಲಿ ಪಂಕ್ಚರ್ ಆಯಿತೋ, ಕಡತ ಬರದಿರುವ ಬಗ್ಗೆಯೇ ಸಮಿತಿ ಪ್ರತ್ಯೇಕ ವಿಶೇಷ ವರದಿ ಮಂಡಿಸಬೇಕಾಯಿತು. ಬೆಂಕಿ ಆರಿಸುವ ವಿದ್ಯೆಯ ಮೊದಲ ಪಾಠ ಆಮ್ಲಜನಕ ಸಿಗದಂತೆ ಮಾಡುವುದು. ಪ್ರಶ್ನೆಗಳನ್ನು ಆರಿಸುವುದಕ್ಕೂ ಅದೇ ಪಠ್ಯ ಸಾಕು. 2016ರ ಅಂತಿಮ ವರದಿಯಲ್ಲಿ ಸಮಿತಿ, ಮೇಲಿನವರಿಗೆ ಇದೆಲ್ಲ ವರ್ಷಗಳ ಹಿಂದೆಯೇ ಗೊತ್ತಿತ್ತು ಎಂದು ಬರೆಯಿತು. ಗೊತ್ತಿಲ್ಲದೆ ಉಳಿದವರು ಆ ನೀರು ಕುಡಿದವರು ಮಾತ್ರ.

ಅಲ್ಲೆಲ್ಲೋ ಆಸ್ಟ್ರೇಲಿಯಾದಲ್ಲಿ ನಡೆದದ್ದು, ನಮಗೇಕೆ ಎನ್ನುವವರೂ ಇದ್ದಾರು. ಪಿಎಫ್‌ಒಎಸ್ ಅನ್ನು ಇಂಥ ವಿಷಗಳನ್ನು ನಿರ್ಬಂಧಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009ರಲ್ಲೇ ಸೇರಿಸಿದ್ದರು. ಆ ಒಪ್ಪಂದದ ಏಳು ರಾಸಾಯನಿಕಗಳ ಮೇಲಿನ ನಿರ್ಬಂಧಕ್ಕೆ ನಮ್ಮ ಕೇಂದ್ರ ಸಂಪುಟ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಏಳರಲ್ಲಿ ಪಿಎಫ್‌ಒಎಸ್ ಇರಲಿಲ್ಲ. ನಮ್ಮ ಕುರಿಗಳು ಇಂಥ ಪಟ್ಟಿಗಳನ್ನು ಓದುವುದಿಲ್ಲವಾದ್ದರಿಂದ ಆತಂಕವೇನೂ ಇಲ್ಲ.

ಫಿಸ್ಕ್‌ವಿಲ್‌ನವರಿಗೆ ಕೊನೆಗೆ ಪರಿಹಾರ ಯೋಜನೆಯೂ ಬಂತು, ಅರ್ಜಿ ನಮೂನೆಗಳೂ ಬಂದವು. ಅದೇ ಬಲ್ಲನ್ ಆಸುಪಾಸಿನಲ್ಲಿ ಹೊಸ ತರಬೇತಿ ಕೇಂದ್ರವೂ ಎದ್ದಿತು. ಹಳೆಯ ಜಾಗದ ಮಣ್ಣು ಶುದ್ಧ ಮಾಡುವುದಕ್ಕೂ, ಹೊಸ ಜಾಗದ ಕಟ್ಟಡಕ್ಕೂ ಖರ್ಚು ತೆರಿಗೆಯ ಹಣದಿಂದಲೇ. ಅದರಲ್ಲಿ ಕುರಿ ಮಾರಲಾಗದವನ ಪಾಲೂ ಉಂಟು. ಡ್ರಮ್ಮುಗಳು ಮಾತ್ರ ಪುಕ್ಕಟೆ ಬಂದಿದ್ದವು.