ಸಾವಿತ್ರಕ್ಕನ ನೀಲಗಿರಿ ಎಣ್ಣೆ

"ಮೇಷ್ಟ್ರೇ, ಹೊಲದ ಬದುವಿನುದ್ದಕ್ಕೂ ನೀಲಗಿರಿ ಮರ ಇಟ್ಕೊಂಡು ಎಣ್ಣೆಗೆ ಅಂಗಡಿಗೆ ಹೋಗೋರು ನಮ್ಮಂಥ ದಡ್ಡರೇ ಅಲ್ವಾ? ಸೊಪ್ಪು ಕುದಿಸಿದ್ರೆ ಎಣ್ಣೆ ತೇಲ್ಬೇಕು ತಾನೇ?"

ಸಾವಿತ್ರಕ್ಕ ಬೇಲಿಯ ಆ ಕಡೆ ಬಟ್ಟೆ ಹರವುತ್ತಿದ್ದರು. ನಾನು ಈ ಕಡೆ ದಾಸವಾಳಕ್ಕೆ ನೀರು ಬಿಡುತ್ತಿದ್ದೆ. ಪಾಠ ಹೇಳಿದ ಚಾಳಿ ನಿವೃತ್ತಿ ಆದಮೇಲೂ ಬಿಡುವುದಿಲ್ಲ, ಪೈಪು ಕೆಳಗಿಟ್ಟೆ.

"ತೇಲೋ ಮುಂಚೆ ಹಾರಿಹೋಗುತ್ತೆ ಅಕ್ಕ. ಅಡಿಗೆಮನೆ ಘಮ್ಮನ್ನುತ್ತೆ, ಪಾತ್ರೆಯಲ್ಲಿ ಕಂದು ನೀರು ಉಳಿಯುತ್ತೆ. ಹಬೆ ಆಚೆ ಹೋಗದ ಹಾಗೆ ಮುಚ್ಚಿ, ಕೊಳವೆಯಲ್ಲಿ ಹಿಡಿದು, ಆ ಕೊಳವೆಯನ್ನ ತಣ್ಣೀರಿನ ತೊಟ್ಟಿಯೊಳಗೆ ಹಾಯಿಸ್ಬೇಕು. ಹಬೆ ನೀರಾಗುತ್ತೆ, ಎಣ್ಣೆ ಹಗುರ ನೋಡಿ, ನೀರಿನ ಮೇಲೆ ನಿಲ್ಲುತ್ತೆ."

"ಸಾರಾಯಿ ಭಟ್ಟಿ ಅನ್ನಿ!"

"ಹೆಚ್ಚೂಕಮ್ಮಿ ಅದೇ. ಊಟಿ ಸುತ್ತಮುತ್ತ ತಗಡಿನ ಶೆಡ್ಡಿನಲ್ಲಿ ತಾಮ್ರದ ಹಂಡೆ ಹೂಡಿ ಇದನ್ನೇ ಮಾಡ್ತಾರೆ. ಉದುರಿದ ಎಲೆ ಗುಡಿಸಿ ತಂದ್ರೂ ನಡೆಯುತ್ತೆ. ನೂರು ಕೆಜಿ ಎಲೆ ಬೇಯಿಸಿದ್ರೆ ಒಂದು ಕೆಜಿ ಎಣ್ಣೆ, ಎಲೆ ಚೆನ್ನಾಗಿದ್ರೆ ಇನ್ನೊಂಚೂರು."

"ನೂರಕ್ಕೆ ಒಂದಾ? ಕಡ್ಲೆಕಾಯೇ ವಾಸಿ ಬಿಡಿ."

ಅದೂ ನಮ್ಮ ಹೊಲದ ಮರದ ಲೆಕ್ಕವಲ್ಲ. ಊಟಿಯದು ಗ್ಲಾಬ್ಯುಲಸ್ ಅನ್ನೋ ಜಾತಿ, ಟಾಸ್ಮೇನಿಯಾ ಕಡೆಯದು, ಚಳಿ ಬೇಡುವ ಮರ. ನಮ್ಮದು 'ಮೈಸೂರು ಹೈಬ್ರಿಡ್', ಕಾಗದದ ಕಾರ್ಖಾನೆಗೆ, ಸೆಂಟ್ರಿಂಗ್ ಗಳಕ್ಕೆ ಅಂತ ನೆಟ್ಟದ್ದು. ಇದರ ವಂಶದ ಬೇರು ಮಾತ್ರ ಇಲ್ಲೇ ಎದುರಿಗಿರೋ ನಂದಿಬೆಟ್ಟದಲ್ಲಿದೆ. ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ಅಲ್ಲಿ ನೆಡಿಸಿದ ಅಂತ ಅರಣ್ಯದವರ ಪುಸ್ತಕಗಳು ಬರೀತವೆ. ನನಗೆ ಈ ಇಸವಿ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯೋದಿಲ್ಲ. ಮರದ ತವರು ಆಸ್ಟ್ರೇಲಿಯಾ, ಬ್ರಿಟಿಷರು ಅಲ್ಲಿಯ ಸಿಡ್ನಿಯಲ್ಲಿ ನೆಲೆ ಊರಿದ್ದೇ 1788ರಲ್ಲಿ. ಎರಡೇ ವರ್ಷದಲ್ಲಿ ಬೀಜ ಶ್ರೀರಂಗಪಟ್ಟಣಕ್ಕೆ, ಅದೂ ಅದೇ ಬ್ರಿಟಿಷರ ಜೊತೆ ಯುದ್ಧ ಹೂಡಿದ ವರ್ಷ?

"ಫ್ರೆಂಚ್‌ನೋರು ತಂದುಕೊಟ್ಟಿರ್ತಾರೆ," ಅಂದರು ಸಾವಿತ್ರಕ್ಕ, ದಿಂಬಿನ ಚೀಲಕ್ಕೆ ಕ್ಲಿಪ್ಪು ಸಿಕ್ಕಿಸುತ್ತಾ. ಇತಿಹಾಸಕಾರರು ಇಷ್ಟು ಬೇಗ ತೀರ್ಮಾನ ಕೊಡುವುದಿಲ್ಲ.

ಎಣ್ಣೆಯ ಕತೆಯೂ ಅದೇ 1788ರದು. ಕೈದಿಗಳನ್ನು ತುಂಬಿಕೊಂಡು ಹೋದ ಹಡಗುಗಳ ಜೊತೆ ಜಾನ್ ವೈಟ್, ಕಾನ್ಸಿಡೆನ್ ಅಂತ ವೈದ್ಯರಿದ್ದರು. ಅಲ್ಲಿಯ ಒಂದು ಮರದ ಎಲೆ ಹಿಚುಕಿದರೆ ಪೆಪ್ಪರ್‌ಮಿಂಟ್ ವಾಸನೆ. ಭಟ್ಟಿ ಇಳಿಸಿ, ಹೊಟ್ಟೆನೋವಿಗೆ ಒಳ್ಳೆಯದು ಅಂತ ಎಣ್ಣೆಯನ್ನ ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿನ ಮೂಲನಿವಾಸಿಗಳು ಅದಕ್ಕೆ ಎಷ್ಟೋ ಮೊದಲಿಂದ ಜ್ವರಕ್ಕೆ, ಗಾಯಕ್ಕೆ ಆ ಎಲೆಯನ್ನೇ ಬಳಸುತ್ತಿದ್ದರು. ವ್ಯಾಪಾರಕ್ಕೆ ಇಳಿಸಿದವನು ಜೋಸೆಫ್ ಬೊಸಿಸ್ಟೊ ಅನ್ನುವ ಔಷಧಿ ಅಂಗಡಿಯವನು. ಮೆಲ್ಬರ್ನ್ ಹತ್ತಿರ 1852ರಲ್ಲಿ ಭಟ್ಟಿ ಹಾಕಿದ. ಗಿಳಿ ಚಿತ್ರದ ಅವನ ಸೀಸೆ ಇವತ್ತಿಗೂ ಮಾರಾಟದಲ್ಲಿದೆ. ಆದರೆ ಈಗ ಪ್ರಪಂಚಕ್ಕೆ ಹೆಚ್ಚು ಎಣ್ಣೆ ಕಳಿಸೋದು ಚೀನಾ.

"ಊಟಿಗೆ ಯಾರು ತಂದ್ರು?"

"ಕ್ಯಾಪ್ಟನ್ ಕಾಟನ್ ಅನ್ನೋನು, 1843ರಲ್ಲಿ. ಆಮೇಲೆ ತೋಪುಗಳು ಎದ್ದದ್ದು ಎಣ್ಣೆಗಲ್ಲ, ಸೌದೆಗೆ. ದೊರೆಗಳಿಗೆ ಚಳಿ ಕಾಯಿಸೋಕೆ ಶೋಲಾ ಕಾಡು ಕರಗಿಹೋಗ್ತಿತ್ತು."

"ಬಂದದ್ದೇನೋ ಬಂತು. ನಮ್ಮ ಬೋರ್‌ವೆಲ್ಲು ಕುಡಿದ್ಬಿಡ್ತಲ್ಲ ಪಾಪಿ ಮರ."

ಇಲ್ಲಿ ಅದರ ಬಾಯಾರಿಕೆಗೆ ಬೈಗುಳ. ಯುರೋಪಿನಲ್ಲಿ ಒಂದು ಕಾಲಕ್ಕೆ ಅದೇ ಬಾಯಾರಿಕೆಗೆ ಮರ್ಯಾದೆ ಸಿಕ್ಕಿತ್ತು ಅಂದೆ. ರೋಮಿನ ಹತ್ತಿರ ತ್ರೆ ಫೊಂತಾನೆ ಅನ್ನುವ ಮಠದಲ್ಲಿ ಸನ್ಯಾಸಿಗಳು ಚಳಿಜ್ವರ ಓಡಿಸಲಿಕ್ಕೆ ಈ ಮರ ನೆಟ್ಟರು. ಕೆಟ್ಟ ಗಾಳಿಯಿಂದ ಜ್ವರ ಅಂತ ನಂಬಿದ್ದ ಕಾಲ ಅದು. ಎಲೆಯ ವಾಸನೆ ಗಾಳಿ ಶುದ್ಧಿ ಮಾಡುತ್ತೆ, ಬೇರು ಜೌಗು ಹೀರುತ್ತೆ ಅಂತ ಲೆಕ್ಕ. ಸೊಳ್ಳೆಯ ಹೊಟ್ಟೆಯಲ್ಲಿ ರೋಗದ ಬೀಜ ಇದೆ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಜೌಗು ಹೀರಲಿ ಅಂತ ಅಲ್ಲಿ ನೆಟ್ಟಂಥ ಮರವನ್ನ ತಂದು ಚಿಕ್ಕಬಳ್ಳಾಪುರ, ಕೋಲಾರದ ಒಣನೆಲಕ್ಕೆ ನೆಟ್ಟವರು ನಾವು. ನೀರು ಹೊರುವ ಗೋಜಿಲ್ಲ, ಆಳಿಲ್ಲ, ಆಡು ಬಾಯಿ ಹಾಕೋದಿಲ್ಲ, ಕಡಿದರೆ ಮತ್ತೆ ಚಿಗುರುತ್ತೆ ಅಂತ. ಸರ್ಕಾರವೇ ಸಸಿ ಹಂಚಿ, ಕೊನೆಗೆ 2017ರಲ್ಲಿ ಇನ್ನು ಹೊಸದಾಗಿ ನೆಡಬೇಡಿ ಅಂತು. ಬೈಯೋದಾದರೆ ಮರಕ್ಕಿಂತ ಮೊದಲು ಬೈಯಬೇಕಾದವರು ಬಹಳ ಜನ ಇದ್ದಾರೆ.

ಸಾವಿತ್ರಕ್ಕ ಒಳಗೆ ಹೋಗಿ ಒಂದು ಸೀಸೆ ಹಿಡಿದು ಬಂದರು. ಮಗಳು ಊಟಿಗೆ ಹೋದಾಗ ರಸ್ತೆ ಬದಿಯಲ್ಲಿ ಕೊಂಡದ್ದಂತೆ. ಮೊಮ್ಮಗನಿಗೆ ನೆಗಡಿ, ಮೂಗಿನ ಹತ್ತಿರ ಹಚ್ಚಿ ಒಂದು ತೊಟ್ಟು ಜೇನಿನಲ್ಲೂ ನೆಕ್ಕಿಸಲೇ ಅಂದರು.

"ಬೇಡವೇ ಬೇಡ! ದೊಡ್ಡವರು ಬಿಸಿನೀರಿಗೆ ಎರಡು ತೊಟ್ಟು ಬಿಟ್ಟು ಹಬೆ ತಗೋಬಹುದು, ಕೊಬ್ಬರಿ ಎಣ್ಣೆಗೆ ಬೆರೆಸಿ ಮಂಡಿಗೆ ತಿಕ್ಕಬಹುದು. ಮಕ್ಕಳ ಹೊಟ್ಟೆಗೆ ಒಂದು ಟೀ ಚಮಚದಷ್ಟು ಹೋದ್ರೂ ಫಿಟ್ಸ್ ಬರಬಹುದು. ಮೂಗಿನ ಹತ್ತಿರವೂ ಬೇಡ, ಎಳೆಮಕ್ಕಳಿಗೆ ಉಸಿರು ಕಟ್ಟುತ್ತೆ. ಸೀಸೆಯನ್ನ ಅಟ್ಟದ ಮೇಲಿಡಿ. ಹೊಸ ಸ್ಟೀಲ್ ಪಾತ್ರೆಯ ಸ್ಟಿಕ್ಕರ್ ಅಂಟು ಬಿಡಿಸೋಕೆ ಇದರಷ್ಟು ಒಳ್ಳೇದು ಇನ್ನೊಂದಿಲ್ಲ."

"ಅಸಲಿ ಹೌದೋ ಅಲ್ಲವೋ ಹೆಂಗೆ ತಿಳಿಯೋದು?"

ಹಳೇ ಕ್ಯಾಲೆಂಡರ್ ಹಾಳೆ ತರಿಸಿ ಒಂದು ತೊಟ್ಟು ಬಿಡಿಸಿದೆ. ಶುದ್ಧವಾದದ್ದಾದರೆ ಕಲೆ ಉಳಿಸದೆ ಆರಿಹೋಗುತ್ತೆ, ಅಡಿಗೆ ಎಣ್ಣೆ ಬೆರೆಸಿದ್ದರೆ ಜಿಡ್ಡು ನಿಲ್ಲುತ್ತೆ. ಟರ್ಪಂಟೈನ್ ಬೆರೆಸಿದ್ದರೆ ಈ ಪರೀಕ್ಷೆಗೆ ಸಿಗೋದಿಲ್ಲ, ಅದು ಬೇರೆ ಮಾತು. ಬೇಲಿಗೆ ಹಾಳೆ ಸಿಕ್ಕಿಸಿ, ಅವರ ಸೊಸೆಯ ಸಂಬಳ, ನಮ್ಮ ಬೀದಿಯ ಚರಂಡಿ ಎಲ್ಲ ಮಾತಾಡಿ ಮುಗಿಸಿದೆವು. ನೋಡಿದರೆ ಏಕಾದಶಿಯ ಮನೆಯ ಮೇಲೆ ರೂಪಾಯಿ ಅಗಲದ ಜಿಡ್ಡು ಹಾಗೇ ಕೂತಿತ್ತು.

ಸಾವಿತ್ರಕ್ಕ ಹಾಳೆಯನ್ನ ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. "ಹೋಗ್ಲಿ, ಗೇಟಿನ ಕೀಲು ಕಿರುಗುಟ್ಟುತ್ತಾ ಇತ್ತು," ಅಂದು ಸೀಸೆ ಹಿಡಿದು ಅತ್ತ ನಡೆದರು.