ಮನೆಮಗಳ ಹುದ್ದೆಗೊಂದು ಅರ್ಜಿ

ಸೊಲ್ಲಾಪುರದ ಹೋಟಗಿ ರಸ್ತೆಯ ಮಾನ್ಯ ದಂಪತಿಗೆ,

ಅಕ್ಕಲಕೋಟೆ ತಾಲ್ಲೂಕಿನ ಮಾಜಿ ಅಂಗನವಾಡಿ ಸೇವಿಕೆಯ ಶರಣು.

ನಿಮ್ಮ ಜಾಹೀರಾತು ವಾಟ್ಸ್‌ಆ್ಯಪಿನಲ್ಲಿ ಊರೂರು ಸುತ್ತಿ ನನ್ನ ಕೈಗೂ ಬಂತು. ಹದಿನಾಲ್ಕು ತಿಂಗಳ ಕೂಸಿಗೆ ಅನುಭವವಿರುವ ನ್ಯಾನಿ ಬೇಕು, ನಗುಮುಖ ಇರಬೇಕು, ಇಂಗ್ಲಿಷ್ ಬಂದರೆ ಮೇಲು, ಮನೆಮಗಳಂತೆ ನೋಡಿಕೊಳ್ಳುತ್ತೇವೆ. ಕೊನೆಯ ಮಾತು ಓದಿ ಎದೆ ಧಸಕ್ಕೆಂದಿತು. ಮನೆಮಗಳಿಗೆ ಎಷ್ಟು ಪಗಾರ ಸಿಗುತ್ತದೆಂದು ನಾನೂ ಒಂದು ಮನೆಯ ಮಗಳಾಗಿ ಬಲ್ಲೆ. ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಪ್ಪು ತಿಳಿಯಬೇಡಿ. ಇಂಥವೇ ಜಾಹೀರಾತು ಇನ್ನೂ ನಾಲ್ಕು ಬಂದಿವೆ, ಎಲ್ಲರಿಗೂ ಬೇರೆ ಬೇರೆ ಬರೆಯಲು ಪುರುಸೊತ್ತಿಲ್ಲ.

ಈ ಹುದ್ದೆಗೆ ನನಗಿಂತ ಯೋಗ್ಯರು ನಿಮಗೆ ಸಿಗಲಾರರು. ಮಕ್ಕಳನ್ನು ಸಾಕಿ ಗೊತ್ತು ಎಂಬುದು ಅಷ್ಟು ದೊಡ್ಡ ಕಾರಣವಲ್ಲ, ಅದು ಹಳ್ಳಿಯ ಯಾವ ಹುಡುಗಿಗೂ ಗೊತ್ತು. ದಿನವಿಡೀ ದುಡಿದೂ ದುಡಿಯುವವಳಲ್ಲ ಎನ್ನಿಸಿಕೊಳ್ಳುವುದಕ್ಕೆ ನನಗೆ ಸರ್ಕಾರಿ ತರಬೇತಿಯೇ ಆಗಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಅಂಗನವಾಡಿಗಳ ಐಸಿಡಿಎಸ್ ಯೋಜನೆ ಶುರುವಾದಾಗಿನಿಂದಲೂ ನಾವು ಸ್ವಯಂಸೇವಕಿಯರು, ನಮಗೆ ಬರುವುದು ಪಗಾರವಲ್ಲ, ಮಾನಧನ. 2006ರಲ್ಲಿ ಸುಪ್ರೀಂ ಕೋರ್ಟು, ಅದೂ ಕರ್ನಾಟಕದಿಂದ ಹೋದ ಮೊಕದ್ದಮೆಯಲ್ಲಿ, ನಮ್ಮದು ಸರ್ಕಾರಿ ಹುದ್ದೆಯೇ ಅಲ್ಲ ಎಂದು ಹೇಳಿ ನನ್ನ ಅರ್ಹತೆಗೆ ಮುದ್ರೆ ಒತ್ತಿತು. 2022ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಗುಜರಾತಿನ ಪ್ರಕರಣವೊಂದರಲ್ಲಿ ಇವರಿಗೆ ಗ್ರ್ಯಾಚುಯಿಟಿ ಕೊಡಬೇಕು ಅಂದುಬಿಟ್ಟಿತು. ಬಯೋಡೇಟಾದಲ್ಲಿ ಅದೊಂದು ಕಪ್ಪುಚುಕ್ಕೆ. ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಿ.

ಸಂದರ್ಶನಕ್ಕೆ ಬಂದಾಗ, ಮನೆ ತುಂಬ ಕ್ಯಾಮೆರಾ ಇದೆ, ಬೇಸರ ಮಾಡಿಕೋಬೇಡ ಅಂದಿರಿ. ಬೇಸರವೆಲ್ಲಿ ಬಂತು? 2021ರಿಂದ ಅಂಗನವಾಡಿಯ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿನ ಕಣ್ಣೆದುರಿಗೇ ಬಾಳಿದವಳು ನಾನು. ಆ ವರ್ಷ ಮಹಾರಾಷ್ಟ್ರದ ಸೇವಿಕೆಯರು ಬಿಸಿಯಾಗಿ ನಿಂತುಬಿಡುವ ಸರ್ಕಾರಿ ಮೊಬೈಲುಗಳನ್ನು ಕಚೇರಿಗಳಿಗೆ ಒಯ್ದು ವಾಪಸು ಕೊಟ್ಟು ಬಂದರು. ಈಚೆಗೆ ಮುಖ ಗುರುತಿಸುವ ವಿದ್ಯೆಯೂ ಬಂದಿದೆ. ತೊಗರಿ ಹೊಲದಿಂದ ಓಡಿ ಬಂದ ಬಾಣಂತಿ ಸೆರಗು ಸರಿಸಿ, ಬೆವರು ಒರೆಸಿ, ಫೋನಿನ ಮುಂದೆ ಕಣ್ಣು ಪಿಳುಕಿಸಬೇಕು. ಮುಖ ಹೊಂದಿದರೆ ಆಹಾರದ ಪೊಟ್ಟಣ. ಗಡಿಯ ಊರು ನೋಡಿ, ಫೋನು ಒಮ್ಮೆ ಈಚೆಯ ಟವರು ಹಿಡಿಯುತ್ತದೆ, ಒಮ್ಮೆ ಆಚೆಯದು, ಆಮೇಲೆ ಯಾವುದೂ ಇಲ್ಲ. "ಅಕ್ಕೋರ, ನಾ ನಾನ ಅಂತ ನಿಮಗ ಗೊತ್ತದ ಅಲ್ರೀ?" ಅನ್ನುತ್ತಿದ್ದಳು ಒಬ್ಬಳು. ನನಗೆ ಗೊತ್ತಿದ್ದು ಏನು ಪ್ರಯೋಜನ? ಹಾಗಾಗಿ ನಿಮ್ಮ ಹಾಲಿನ ಕ್ಯಾಮೆರಾ, ಅಡುಗೆಮನೆಯ ಕ್ಯಾಮೆರಾ, ಗೊಂಬೆಯ ಹೊಟ್ಟೆಯೊಳಗಿನ ಕ್ಯಾಮೆರಾ, ಯಾವುದಕ್ಕೂ ನನ್ನ ತಕರಾರಿಲ್ಲ. ಕರೆಂಟು ಹೋದಾಗ ಮಾತ್ರ ನಂಬಿಕೆ ಇಡಬೇಕಾಗುತ್ತದೆ.

ಅದೇ ದಿನ ಚೀಲದಲ್ಲಿದ್ದ, ಕೂಸಿನ ಪೋಷಣೆ ತಿಳಿಯುವ ತೋಳಳತೆಯ ಪಟ್ಟಿಯನ್ನು ರೂಢಿಬಲದಿಂದ ನಿಮ್ಮ ಕೂಸಿನ ತೋಳಿಗೆ ಸುತ್ತಿದೆ. ದೃಷ್ಟಿದಾರ ಕಟ್ಟುತ್ತಿದ್ದಾಳೆಂದು ಅಜ್ಜಿ ಕೈ ಮುಗಿದರು. 11.5 ಸೆಂಟಿಮೀಟರಿನ ಕೆಳಗೆ ಕೆಂಪು, 12.5ರವರೆಗೆ ಹಳದಿ, ಮೇಲೆ ಹಸಿರು. ನಿಮ್ಮ ಕೂಸು ಹಸಿರನ್ನೂ ದಾಟಿ ಬಹುದೂರ ಹೋಗಿದೆ, ದೇವರು ಚೆನ್ನಾಗಿಟ್ಟಿರಲಿ. ನಮ್ಮಲ್ಲಿ ಒಂದು ಕೂಸನ್ನು ಹಳದಿಯಿಂದ ಹಸಿರಿಗೆ ದಾಟಿಸಲು ಶೇಂಗಾ, ಮೊಟ್ಟೆ ಎನ್ನುತ್ತ ತಿಂಗಳುಗಟ್ಟಲೆ ಅದೇ ಹೊಸ್ತಿಲು ತುಳಿಯುತ್ತೇವೆ. ನಿಮ್ಮಲ್ಲಿ ಅದು ಎರಡು ಚಮಚ ಬಿಟ್ಟಿತೆಂದು ಡಾಕ್ಟರಿಗೆ ಫೋನು ಹೋಯಿತು. ಅಂಗನವಾಡಿಯಲ್ಲಿ ಒಂದು ಪಾತ್ರೆ ಖಿಚಡಿ, ಸುತ್ತ ಇಪ್ಪತ್ತು ಬಟ್ಟಲು. ಇಲ್ಲಿ ಒಂದು ಬಾಯಿ, ಅದರ ಬಾಟಲಿಗೊಂದು ಬ್ರಷ್ಷು, ನಿಪ್ಪಲ್ಲಿಗೆ ಬೇರೆ ಬ್ರಷ್ಷು. ಪದೋನ್ನತಿ ಅಂದರೆ ಇದೇ ಇರಬೇಕು.

ಭಾಷೆಯ ವಿಚಾರ. ನೀವಿಬ್ಬರೂ ಜಗಳವಾಡಿದ್ದು ಅಚ್ಚ ಕನ್ನಡದಲ್ಲಿ, ನನ್ನೊಡನೆ ಮಾತಾಡಿದ್ದು ಮರಾಠಿಯಲ್ಲಿ, ಕೂಸಿನೊಡನೆ ಇಂಗ್ಲಿಷೇ ಆಗಬೇಕಂತೆ. ಇದೂ ನನಗೆ ಹೊಸದಲ್ಲ. ನಮ್ಮ ಅಂಗನವಾಡಿಯಲ್ಲಿ ಮಕ್ಕಳು ಅಳುತ್ತಿದ್ದುದು ಕನ್ನಡದಲ್ಲಿ, ಹಾಡುತ್ತಿದ್ದುದು ಮರಾಠಿಯಲ್ಲಿ, ಅವರ ಲೆಕ್ಕ ಹೋಗುತ್ತಿದ್ದುದು ಇಂಗ್ಲಿಷಿನಲ್ಲಿ. ಹಗಲೆಲ್ಲ ಟ್ವಿಂಕಲ್ ಅನ್ನುತ್ತೇನೆ. ಸರಿರಾತ್ರಿ ಎದ್ದು ರಚ್ಚೆ ಹಿಡಿದರೆ ಬಾಯಿಗೆ ಬಂದ ಜೋಗುಳ ಹಾಡುತ್ತೇನೆ, ಆಗ ವ್ಯಾಕರಣ ನೋಡಬೇಡಿ.

ಪಗಾರಕ್ಕೆ ಬರೋಣ. ಹಿಂದಿನ ಕಡೆ ಎಷ್ಟಿತ್ತು ಎಂದು ಕೇಳಿದಿರಿ. 2023ರ ರಾಜ್ಯ ಬಜೆಟ್ಟಿನಲ್ಲಿ ಸೇವಿಕೆಗೆ 8,325 ಇದ್ದದ್ದು 10,000 ಆಯಿತು, ಮದತನೀಸಳಿಗೆ, ಅಂದರೆ ಸಹಾಯಕಿಗೆ, 4,425 ಇದ್ದದ್ದು 5,500. ಅದೇ ವರ್ಷದ ಡಿಸೆಂಬರ್ 4ರಿಂದ ರಾಜ್ಯದ ಸೇವಿಕೆಯರೆಲ್ಲ 26,000 ಕೇಳಿ ಮುಷ್ಕರ ಕೂತೆವು. ಆಮೇಲೆ ಒಂದಿಷ್ಟು ಏರಿತು, 26,000 ಮಾತ್ರ ದೂರದ ಬೆಟ್ಟವಾಗಿಯೇ ಉಳಿಯಿತು. ಕೂತಾಗ ಒಂದು ಸುಖವಿತ್ತು, ಪಕ್ಕದಲ್ಲಿ ಇನ್ನೊಬ್ಬಳು ಕೂತಿರುತ್ತಿದ್ದಳು. ನಿಮ್ಮ ಊರಿನ ಬೀಡಿ ಸುತ್ತುವ ಹೆಂಗಸರನ್ನೇ ನೋಡಿ, ಸಂಘ ಕಟ್ಟಿ, ಹೋರಾಡಿ, ಕುಂಭಾರಿಯಲ್ಲಿ ಹೋರಾಟಗಾರ್ತಿ ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ 10,000 ಮನೆ ಪಡೆದರು. ನಿಮ್ಮ ಮನೆಯಲ್ಲಿ ಸಂಘ ಕಟ್ಟಬೇಕಾದರೆ ನಾನು ಮತ್ತು ಕೂಸು, ಇಬ್ಬರೇ. ಕೂಸು ದಿನಕ್ಕೆ ನಾಲ್ಕು ಸಲ ಮುಷ್ಕರ ಹೂಡುತ್ತದೆ, ಅದರ ಬೇಡಿಕೆಗಳು ಕೂಡಲೇ ಈಡೇರುತ್ತವೆ. ಅದನ್ನೇ ಅಧ್ಯಕ್ಷರನ್ನಾಗಿ ಮಾಡುವ ವಿಚಾರವಿದೆ.

ಕಾನೂನಿಗೆ ಹೆದರಬೇಡಿ. ಮನೆಗೆಲಸವನ್ನು ಕರ್ನಾಟಕ 2004ರಲ್ಲೇ ಕನಿಷ್ಠ ವೇತನದ ಪಟ್ಟಿಗೆ ಸೇರಿಸಿತು, ಆದರೆ ಅದು ಗಡಿಯಾಚೆಯ ಮಾತು. ನಮ್ಮ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಕೊಡಿ ಎಂದು ಗಡಿ ತಂಟೆಯ ಮಹಾಜನ ಆಯೋಗ 1967ರಲ್ಲಿ ಬರೆದದ್ದು ನಿಜ, ಕೊಟ್ಟಿಲ್ಲ. ಕೊಟ್ಟಿದ್ದರೂ ನಾನು ಬಾಟಲಿ ತೊಳೆಯುವುದು ನಿಮ್ಮ ಸೊಲ್ಲಾಪುರದ ನಲ್ಲಿಯ ಕೆಳಗೆ. ಮಹಾರಾಷ್ಟ್ರ 2008ರಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗೆ ಕಾಯಿದೆ ಮಾಡಿದೆ. ದುಡಿಯುವವಳು ಹೋಗಿ ಹೆಸರು ಬರೆಸಬೇಕು, ಮನೆಮಗಳು ಏನೆಂದು ಬರೆಸುತ್ತಾಳೆ? ಗೃಹ ಕಾರ್ಮಿಕರ ಬಗ್ಗೆ 2011ರಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆ ಬಂದಾಗ ಭಾರತ ಪರವಾಗಿ ಕೈ ಎತ್ತಿತು. ಎತ್ತಿದ ಕೈಯಲ್ಲಿ ಸಹಿ ಹಾಕಲು ಇನ್ನೂ ಆಗಿಲ್ಲ.

ಆದ್ದರಿಂದ ನಾವೇ ಮಾತಾಡಿಕೊಳ್ಳೋಣ. ಮೂರು ದಿನ ಟ್ರಯಲ್ಲಿಗೆ ಪುಕ್ಕಟೆ ಬರುವುದಿಲ್ಲ. ಪಗಾರ ತಿಂಗಳ 5ನೇ ತಾರೀಖಿನೊಳಗೆ ಬರಬೇಕು, ಅನುದಾನ ಬಂದಿಲ್ಲ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ನೀವು ಆಫೀಸಿನಿಂದ ತಡವಾಗಿ ಬಂದರೆ ಆ ತಾಸಿನ ದುಡ್ಡು ಬೇರೆ. ಭಾನುವಾರ ನಾನು ಊರಲ್ಲಿರುತ್ತೇನೆ. ಹಳೆಯ ಸೀರೆ ಕೊಡುವುದಾದರೆ ಸಂತೋಷ, ಪಗಾರದಲ್ಲಿ ಹಿಡಿಯಬೇಡಿ. ಸಂಕ್ರಮಣಕ್ಕೆ ಸಿದ್ಧರಾಮನ ಗಡ್ಡಾ ಜಾತ್ರೆ, ನಂದಿಕೋಲು ನೋಡದೆ ನಾನು ಇರುವವಳಲ್ಲ, ಅವತ್ತು ರಜೆ. ಕೂಸನ್ನೂ ಜಾತ್ರೆಗೆ ಕರಕೊಂಡು ಹೋಗು ಎಂದರೆ ಖುಷಿಯಿಂದ ಕರಕೊಂಡು ಹೋಗುತ್ತೇನೆ, ಆದರೆ ಅದು ಓವರ್‌ಟೈಮ್.

ಇಂತಿ,
ನಿಮ್ಮ ಮನೆಮಗಳಾಗಲು ಒಪ್ಪದ ಅಭ್ಯರ್ಥಿ